ಕೌದಿಯೊಳಗಿನ ಗಂಟು

ಭಾಂಡುಪ್‌ನ ಗುಡ್ಡದ ಇಳಿಜಾರಿನಲ್ಲಿರುವ ಆ ಚಾಳಿಗೆ ಶ್ರಾವ್ಯಾ ಏದುಸಿರು ಬಿಡುತ್ತ ಹತ್ತಿ ಬಂದಾಗ ಸುಂದ್ರವ್ವ ಬಾಗಿಲಲ್ಲಿ ಕೂತು ಜೋಳದ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದಳು. ಜೋಳ ತನ್ನೂರು ಇಂಡಿ ತಾಲೂಕಿನ ಕಡೆಯದು, ಬೀಸಿದ್ದು ಭಾಂಡುಪ್ ಸ್ಟೇಷನ್ ಹತ್ತಿರದ ಗಿರಣಿಯಲ್ಲಿ. ಗಿರಣಿಯವನು ಗೋಧಿ ಬೀಸಿದ ಮೇಲೆ ಕಲ್ಲು ಒರೆಸದೆ ಇದನ್ನು ಹಾಕಿದ್ದಾನೆಂದು ಅವಳಿಗೆ ಹಿಟ್ಟು ಮುಟ್ಟಿದಾಗಲೇ ಗೊತ್ತಾಗಿತ್ತು. ಅದಕ್ಕೇ ಅವಳ ಮುಖ ಸ್ವಲ್ಪ ಬಿಗಿದಿತ್ತು.

"ಸುಂದ್ರಾಬಾಯಿ ಅಂದ್ರೆ ನೀವೇನಾ?"

"ಸುಂದ್ರವ್ವ. ಬಾಯಿ ಅಂತ ಇಲ್ಲಿ ಮಂದಿ ಅಂತಾರ. ನೀ ಕನ್ನಡದಾಕಿ ಏನು?"

"ಉಡುಪಿ ಕಡೆ. ಅಂದ್ರೆ ಅಪ್ಪ ಅಮ್ಮ. ನಾನು ಹುಟ್ಟಿದ್ದೆಲ್ಲ ಬೋರಿವಲಿ. ನನ್ನ ಕನ್ನಡ ಥೋಡಾ ಹೀಗೇ."

"ತಿಳೀತೈತಿ, ಬಾ. ಚಪ್ಪಲ ಈ ಕಡೆ ಬಿಡು, ಅಲ್ಲಿ ಬಿಟ್ರ ನಾಯಿ ಒಯ್ತೈತಿ."

ಒಳಗೆ ಮಂಚದ ಮೇಲೆ ಸುಂದ್ರವ್ವನ ಮಗ ಅನಿಲ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಅವನ ಕೆಲಸ. ಭಾನುವಾರ ಮಾತ್ರ ನೆಲದ ಮೇಲೆ ಇರುತ್ತೇನೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೆಂಡತಿ ಮಕ್ಕಳು ಕಲ್ಯಾಣಿನಲ್ಲಿ ಮದುವೆಗೆ ಹೋಗಿದ್ದರು. ಹುಡುಗಿಯನ್ನು ಕಂಡು ಎದ್ದು ಅಂಗಿ ಹಾಕಿಕೊಂಡ.

ಶ್ರಾವ್ಯಾ ಬಂದ ಕೆಲಸವನ್ನು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದಳು. ಹಳೆಯ ಸಿನಿಮಾಗಳ ಸಾಮಾನುಗಳನ್ನು ಕೂಡಿಸಿಡುವ ಒಂದು ಟ್ರಸ್ಟಿನಲ್ಲಿ ಅವಳಿದ್ದಳು. ಗ್ರಾಂಟ್ ರೋಡಿನ ಹಳೆಯ ಕಟ್ಟಡವೊಂದರಲ್ಲಿ ಮುಂದಿನ ತಿಂಗಳು ನಟಿ ಸೇವಂತಿಯ ಬಗ್ಗೆ ಪ್ರದರ್ಶನ. ಸೇವಂತಿ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಸೀರೆ, ಬಳೆ, ವಿಗ್ಗು, ಒಂದು ಮುರಿದ ಸಿತಾರ್ ಎಲ್ಲ ಸಿಕ್ಕಿವೆ. ಸಿಗದಿದ್ದದ್ದು ಎಲ್ಲರೂ ಕೇಳುವ ಆ ಒಂದು.

ಅವಳು ಫೋನಿನಲ್ಲಿ ಪೋಸ್ಟರ್ ತೋರಿಸಿದಳು. ಈಜುಕೊಳದ ಅಂಚಿನ ಏಣಿ ಹಿಡಿದು ಒಬ್ಬ ಹೆಣ್ಣುಮಗಳು ಮೇಲೆ ಬರುತ್ತಿದ್ದಳು. ಕೆಂಪು ಈಜುಡುಗೆ, ಬಿಳಿ ಅಂಚು, ಸೊಂಟದ ಎಡಗಡೆ ಬಿಳಿ ದಾರದಲ್ಲಿ ಹೆಣೆದ ಒಂದು ಮೀನು.

ಸುಂದ್ರವ್ವ ಅರೆಗಣ್ಣಿನಲ್ಲಿ ನೋಡಿ ಮುಖ ತಿರುಗಿಸಿದಳು. "ಸೇವಂತಿಬಾಯಿಯವರಿಗೆ ಈ ಫೋಟೋ ಸೇರ್ತಿದ್ದಿಲ್ಲ. ಇದರ ಮಾತು ತಗದ್ರ ಎದ್ದು ಒಳಗ ಹೋಗತಿದ್ರು."

"ಗೊತ್ತು ಅಮ್ಮ. ಆದ್ರೆ ಕೊನೆಗೆ ಅವರೇ ನಮ್ಮ ಹತ್ರ ಮಾತಾಡಿದ್ರು. ಕೇಳಿ."

ಫೋನಿನಿಂದ ಒಂದು ಮುದಿ ದನಿ ಹಿಂದಿಯಲ್ಲಿ ಮಾತಾಡತೊಡಗಿತು. ಸುಂದ್ರವ್ವನ ಕೈಯ ಜರಡಿ ನಿಂತಿತು. ಮಾಟುಂಗಾದ ಸೇವಂತಿಯ ಮನೆಯಲ್ಲಿ ಕೆಲಸ ಮಾಡುತ್ತ ಮೂವತ್ತು ವರ್ಷದ ಹತ್ತಿರ ಕೇಳಿದ ದನಿ, ಈಗ ಹಲ್ಲಿಲ್ಲದ ಬಾಯಿಯಿಂದ ಬರುತ್ತಿತ್ತು.

"ಆ ಕೆಂಪು ಬಟ್ಟೆಯೋ? ಅದನ್ನು ನಾನು ಸುಂದ್ರಾನ ಕೈಗೆ ಕೊಟ್ಟಿದ್ದೆ. ಯಾರಿಗೂ ತೋರಿಸಬೇಡ, ನೀನೂ ನೋಡಬೇಡ ಅಂದಿದ್ದೆ. ಅವಳ ಹತ್ತಿರ ಅದು ಇದ್ದೇ ಇರುತ್ತೆ. ಸುಂದ್ರಾ ಇಟ್ಟದ್ದು ಎಲ್ಲಿಗೂ ಹೋಗುವುದಿಲ್ಲ. ಈಗ ನನಗೆ ಯಾರ ಹೆದರಿಕೆ? ಅವಳು ಕೊಟ್ಟರೆ ಜನ ನೋಡಲಿ."

ದನಿ ನಿಂತಿತು. ಅನಿಲನೇ ಮೊದಲು ಕೇಳಿದ.

"ಅವ್ವಾ, ಹೀರೋಯಿನ್‌ದು ಸ್ವಿಮ್‌ಸೂಟ್ ನಮ್ಮ ಮನ್ಯಾಗ ಐತಿ?"

"ಸೂಟೋ ಬೂಟೋ ನನಗೇನು ಗೊತ್ತು. ಒಂದು ಗಂಟು ಕೊಟ್ಟಿದ್ರು. ಇಟ್ಟೀನಿ."

"ಬಿಚ್ಚಿ ನೋಡಲಿಲ್ಲ?"

"ನೋಡಬ್ಯಾಡ ಅಂದಿದ್ರಲ್ಲ."

"ಇಷ್ಟು ವರ್ಷ?"

"ನೋಡಬ್ಯಾಡ ಅಂದ ಮ್ಯಾಲ ವರ್ಷದ ಮಾತೆಲ್ಲಿ ಬಂತೋ?" ಎಂದಳು ಸುಂದ್ರವ್ವ. ಮಗ ಶ್ರಾವ್ಯಾಳ ಕಡೆ ನೋಡಿ, ಇವಳು ಹೀಗೇ ಎಂಬಂತೆ ಕೈ ತಿರುಗಿಸಿದ.

ನಡೆದದ್ದು ಇಷ್ಟು. ಸೇವಂತಿ ಸಿನಿಮಾ ಬಿಟ್ಟು ಎಷ್ಟೋ ವರ್ಷದ ಮೇಲೆ ಒಂದು ಚುನಾವಣೆಗೆ ನಿಂತಿದ್ದಳು. ಎದುರು ಪಾರ್ಟಿಯವರು ಈಜುಡುಗೆಯ ಹಳೇ ಫೋಟೋ ಹುಡುಕಿ ದೊಡ್ಡದಾಗಿ ಅಚ್ಚು ಹಾಕಿಸಿ ಓಣಿ ಓಣಿಯ ಗೋಡೆಗೆ ಹಚ್ಚಿದರು. ಅವಳು ಸೋತಳು. ಫಲಿತಾಂಶದ ಮರುದಿನ ಸುಂದ್ರವ್ವ ಕೆಲಸಕ್ಕೆ ಹೋದಾಗ ಬಾಯಿ ಅಡಿಗೆಮನೆಯಲ್ಲಿ ಸ್ಟೋವಿನ ಮುಂದೆ ನಿಂತಿದ್ದಳು. ಕೈಯಲ್ಲಿ ಬಿಳಿ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಗಂಟು. "ಸುಡಬೇಕೆಂದು ಬಂದೆ, ಕೈ ಬರಲಿಲ್ಲ" ಎಂದು ಅದನ್ನು ಸುಂದ್ರವ್ವನಿಗೆ ಕೊಟ್ಟಳು. ಆಗ ಸುಂದ್ರವ್ವನಿಗೆ ಏಳು ತಿಂಗಳು. ಚೊಚ್ಚಲ ಕೂಸು ಹುಟ್ಟಿ ತಿಂಗಳೊಳಗೆ ಹೋಗಿತ್ತು, ಇದು ಎರಡನೆಯದು.

ಒಂದೇ ಕೋಣೆಯ ಮನೆಯಲ್ಲಿ ಗಂಟನ್ನು ಎಲ್ಲಿ ಇಡುವುದು? ಗಂಡ ಹುಡುಕುತ್ತಾನೆ, ನಾದಿನಿ ಕೇಳುತ್ತಾಳೆ. ಸುಂದ್ರವ್ವ ಆಗ ಹುಟ್ಟುವ ಕೂಸಿಗೆಂದು ಹಳೇ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಗಂಟನ್ನು ಚಪ್ಪಟೆ ಮಾಡಿ, ನಡುವಿನ ಪದರಿನಲ್ಲಿ ಇಟ್ಟು, ಮೇಲೆ ಸೀರೆ ಎಳೆದು ಸುತ್ತಲೂ ಹೊಲಿದುಬಿಟ್ಟಳು. ಕೌದಿಯ ಹೊಟ್ಟೆಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಅದನ್ನೇ ತಗೊಂಡು ಹೆರಿಗೆಗೆ ತವರಿಗೆ ಹೋದಳು. ಅಲ್ಲಿ ಅವಳ ತಾಯಿ ಅಂಬವ್ವ ಕೌದಿಗೆ ಮೇಲೊಂದು ಪದರು ಹಾಕಿ, ಅಂಚು ಕಟ್ಟಿ, ಮುಗಿಸಿಕೊಟ್ಟಳು. ಆಮೇಲೆ ಅನಿಲ ಅದರ ಮೇಲೆ ಮಲಗಿದ, ಉಚ್ಚೆ ಹೊಯ್ದ, ಬೆಳೆದ; ಅವನ ಮಕ್ಕಳೂ ಮಲಗಿದರು. ಸುಂದ್ರವ್ವ ವರ್ಷಕ್ಕೊಮ್ಮೆ ಅದನ್ನು ಒಗೆದು ಗಚ್ಚಿನ ಮೇಲೆ ಒಣಗಿಸುವಾಗ ನಡುವೆ ಕೈಯಾಡಿಸಿ ನೋಡುತ್ತಿದ್ದಳು. ದಪ್ಪ ಹತ್ತುತ್ತಿತ್ತು. ಐತಿ ಎಂದು ಸಮಾಧಾನ.

"ಅದರ ಮ್ಯಾಲ ನಾ ಮಲಗಿದ್ನಾ?" ಎಂದ ಅನಿಲ. "ಕಂಪನ್ಯಾಗ ಹೇಳಿದ್ರ ಯಾರೂ ನಂಬಾಂಗಿಲ್ಲ."

"ಹೇಳಬ್ಯಾಡ," ಎಂದಳು ತಾಯಿ.

ಕೌದಿಯನ್ನು ಕಪಾಟಿನ ಮೇಲಿಂದ ಇಳಿಸಿ ನೆಲಕ್ಕೆ ಹಾಸಿದರು. ಶ್ರಾವ್ಯಾ ಚೀಲದಿಂದ ಸಣ್ಣ ಕತ್ತರಿ ತೆಗೆದಳು. ಸುಂದ್ರವ್ವ ಅದನ್ನು ಬೇಡವೆಂದು ಬದಿಗೆ ಸರಿಸಿ, ದಬ್ಬಣದ ಮೊನೆಯಿಂದ ದಾರದ ಎಳೆ ಎಬ್ಬಿಸತೊಡಗಿದಳು. ಮೇಲಿನ ಹೊಲಿಗೆಯೆಲ್ಲ ಅಂಬವ್ವನದು, ಅಕ್ಕಿಕಾಳಿನಷ್ಟು ಸಣ್ಣ, ಒಂದರ ಹಿಂದೊಂದು. ಎಳೆ ಬಿಚ್ಚಿಕೊಂಡ ಕಡೆಯೆಲ್ಲ ಸೀರೆಯ ಮೂಲಬಣ್ಣ ಸಾಲಾಗಿ ಕಾಣುತ್ತಿತ್ತು. ಸುಂದ್ರವ್ವ ದಾರವನ್ನು ಬಿಸಾಡದೆ ಬೆರಳಿಗೆ ಸುತ್ತಿಕೊಳ್ಳುತ್ತ ಹೋದಳು. ಒಂದು ಮೂಲೆ ಬಿಚ್ಚಿದಾಗ ಕಪ್ಪಗಿನ ಗಟ್ಟಿ ಚೂರೊಂದು ಉದುರಿತು.

"ಇದು ಏನು?" ಎಂದು ಶ್ರಾವ್ಯಾ ಅದನ್ನು ಎತ್ತಿಕೊಂಡಳು.

"ಹೋಳಿಗಿ ಚೂರು. ಕೌದಿ ಮುಗಿಸಾಕಾರ ಮೂಲ್ಯಾಗ ಒಂದು ತುತ್ತು ಇಡಬೇಕು. ಹಸದ ಕೌದಿ ಮ್ಯಾಲ ಕೂಸು ಮಲಗಸಬಾರದು."

"ಅಂದ್ರೆ ಇದು ನಲವತ್ತು ವರ್ಷದ ಹೋಳಿಗೆ?"

"ನಿಮ್ಮ ಪ್ರದರ್ಶನಕ್ಕ ಬೇಕೇನು?" ಎಂದ ಅನಿಲ.

ಶ್ರಾವ್ಯಾ ನಕ್ಕಳು. ಆದರೆ ಚೂರನ್ನು ಕೆಳಗೆ ಇಡಲಿಲ್ಲ, ಕಾಗದದಲ್ಲಿ ಮಡಿಸಿ ಸುಂದ್ರವ್ವನ ಪಕ್ಕಕ್ಕೆ ಇಟ್ಟಳು. ಅದನ್ನು ಸುಂದ್ರವ್ವ ಗಮನಿಸಿದಳು.

ಮೇಲಿನ ಪದರು ಹೋಯಿತು. ನಡುವಿನ ಪದರಿಗೆ ಬಂದಾಗ ಸುಂದ್ರವ್ವ ಕೈ ಒಳಗೆ ಹಾಕಿ ಗಂಟು ಹೊರಗೆಳೆದಳು. ಎಳೆದವಳೇ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು.

ಕೈಯಲ್ಲಿದ್ದದ್ದು ಮಲ್‌ಮಲ್ ಅಲ್ಲ. ಚೌಕಾಗಿ ಮಡಿಸಿದ ಇಳಕಲ್ ಸೀರೆಯ ಸೆರಗು. ಬಿಡಿಸಿದರೆ ಒಳಗೆ ಏನೂ ಇರಲಿಲ್ಲ.

"ಇದು ನಮ್ಮವ್ವನ ಸೆರಗು," ಎಂದಳು.

ಅನಿಲ ಕೌದಿಯನ್ನು ಎತ್ತಿ ಕೊಡವಿದ. ಶ್ರಾವ್ಯಾ ಪದರುಗಳ ನಡುವೆ ಕೈ ಹಾಕಿ ಮೂಲೆ ಮೂಲೆ ಮುಟ್ಟಿದಳು. ಏನೂ ಸಿಗಲಿಲ್ಲ.

ಸುಂದ್ರವ್ವ ಸೆರಗನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದಳು. ಬಾಯಿ ಸಾಯುವ ಮುಂಚೆ ಮಂದಿಯ ಮುಂದೆ ತನ್ನ ಹೆಸರು ಹಿಡಿದು ಹೇಳಿ ಹೋಗಿದ್ದಳು. ಸುಂದ್ರಾ ಇಟ್ಟದ್ದು ಎಲ್ಲಿಗೂ ಹೋಗುವುದಿಲ್ಲ ಎಂದು. ಇಷ್ಟು ವರ್ಷ ತಾನು ಮುಟ್ಟಿ ಮುಟ್ಟಿ ಐತಿ ಎಂದುಕೊಂಡದ್ದು ಬರೀ ಅರಿವೆ.

"ಇನ್ನೊಮ್ಮಿ ಹಚ್ಚು ಅದನ್ನ," ಎಂದಳು.

ಶ್ರಾವ್ಯಾ ಮತ್ತೆ ಆ ದನಿ ಹಚ್ಚಿದಳು. ಸುಂದ್ರವ್ವ ಪೂರ್ತಿ ಕೇಳಿ, "ಬಾಯಿ ಹಂಗಂದು ಹೋಗ್ಯಾರ. ನಾ ಇಟ್ಟಿಲ್ಲ ನೋಡು," ಎಂದಳು. ಅಳಲಿಲ್ಲ. ಜರಡಿಯನ್ನು ಎಳೆದುಕೊಂಡು ಮತ್ತೆ ಹಿಟ್ಟಿನಲ್ಲಿ ಕೈಯಿಟ್ಟಳು, ಆದರೆ ಜರಡಿ ಆಡಿಸಲಿಲ್ಲ.

"ಅಮ್ಮ, ಬಿಡಿ. ಸಿಗ್ಲಿಲ್ಲ ಅಂತ ನಾನು ಆಫೀಸಲ್ಲಿ ಹೇಳ್ತೇನೆ."

"ಹೆಂಗ ಬಿಡ್ಲಿ? ಅದು ಎಲ್ಲಿ ಹೋತು ಅಂತ ನನಗ ಬೇಕು. ನಿನಗ ಬ್ಯಾಡಾದ್ರೂ ನನಗ ಬೇಕು."

ಅನಿಲ ಅಷ್ಟರಲ್ಲಿ ಶ್ರಾವ್ಯಾಳ ಫೋನು ತೆಗೆದುಕೊಂಡು ಪೋಸ್ಟರನ್ನು ಬೆರಳಿನಿಂದ ದೊಡ್ಡದು ಮಾಡುತ್ತಿದ್ದ. ತಾಯಿ ನೋಡುತ್ತಾಳೆಂದು ಸ್ವಲ್ಪ ಸಂಕೋಚದಿಂದ ಬರೀ ಸೊಂಟದ ಮೀನಿನ ಮೇಲೆ ನಿಲ್ಲಿಸಿದ. ಮೀನಿನ ಬಾಲ ಎರಡಾಗಿ ಸೀಳಿ ಒಂದು ಕಡೆಯದು ಉದ್ದ, ಇನ್ನೊಂದು ಕಡೆಯದು ಮೋಟು. ಹೆಣೆದವನ ಕೈ ತಪ್ಪಿದ್ದಿರಬೇಕು.

"ಈ ಮೀನ ನಾ ನೋಡೀನಿ," ಎಂದ.

"ಎಲ್ಲಾರೂ ನೋಡಿದ್ದಾರೆ. ಪೋಸ್ಟರ್ ಫೇಮಸ್ ಅಲ್ವಾ."

"ಅಲ್ಲಲ್ಲ. ಮೋಟು ಬಾಲದ ಮೀನ." ಅವನು ಎದ್ದು ನಿಂತು ಗೋಡೆಯ ಕಡೆ ತಿರುಗಿದ.

ದೇವರ ಫೋಟೋಗಳ ಪಕ್ಕದಲ್ಲಿ ಕಟ್ಟು ಹಾಕಿಸಿದ ಒಂದು ಬಣ್ಣದ ಫೋಟೋ ತೂಗುತ್ತಿತ್ತು. ಇಂಡಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಐದಾರು ತಿಂಗಳ ಕೂಸು ಅನಿಲ, ಕಣ್ಣಿಗೆ ಕಾಡಿಗೆ, ಗಲ್ಲಕ್ಕೆ ಬೊಟ್ಟು, ತಲೆಗೆ ಕುಂಚಿಗೆ. ಬಾಣಂತಿಮನೆಯ ಕೂಸಿಗೆ ತಲೆ ಕಿವಿ ಮುಚ್ಚಿ ಬೆನ್ನ ಮೇಲೆ ಇಳಿಬಿಡುವ ಆ ಟೊಪ್ಪಿಗೆ ಕೆಂಪಗಿತ್ತು. ಅಂಚು ಬಿಳಿ. ಎಡಗಿವಿಯ ಮೇಲೆ ಒಂದು ಬಿಳಿ ಮೀನು, ಬಾಲದ ಒಂದು ಕಡೆ ಮೋಟು.

ಮೂವರೂ ಫೋಟೋದ ಕೆಳಗೆ ನಿಂತರು. ಶ್ರಾವ್ಯಾ ಫೋನನ್ನು ಕೂಸಿನ ಕಿವಿಯ ಪಕ್ಕ ಹಿಡಿದಳು. ಎರಡೂ ಒಂದೇ ಮೀನು.

"ಮೀನ ಅಂಬವ್ವ ಅಮ್ಮಾಯಿ ಹೆಣೆದದ್ದು ಅಂತಿದ್ದೆಲ್ಲ ನೀನು," ಎಂದ ಅನಿಲ.

"ಹಂಗಂತ ನಾ ತಿಳಕೊಂಡಿದ್ದೆ." ಸುಂದ್ರವ್ವ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು. "ಅರಿವಿ ಎಲ್ಲೀದವ್ವಾ ಅಂತ ಕೇಳಿದ್ದೆ. ನಿಮ್ಮ ಮುಂಬೈದ ಅಂದ್ಲು. ನಾ ಒಂದು ಗಂಟು ಹಳೇ ಅರಿವಿ ಒಯ್ದಿದ್ದೆ, ಅದರಾಗಿಂದು ಅಂತ ಸುಮ್ನಾದೆ."

ಅವಳಿಗೆ ಒಂದೊಂದೇ ತಿಳಿಯುತ್ತ ಹೋಯಿತು. ಕೌದಿ ಮುಗಿಸುವ ಮುಂಚೆ ಅಂಬವ್ವ ಅದರ ಮೇಲೆ ಅಂಗೈಯಾಡಿಸಿದ್ದಾಳೆ. ಎಳೆಗೂಸಿನ ಬೆನ್ನಿಗೆ ಒತ್ತುವಂಥ ಗಂಟು ಕೈಗೆ ಹತ್ತಿದೆ. ಮೊದಲಿನ ಕೂಸು ಹೋದ ಮನೆ. ಅವಳು ಒಂದು ಕಡ್ಡಿಯನ್ನೂ ಬಿಡುವವಳಲ್ಲ. ಬಿಚ್ಚಿ ತೆಗೆದಿದ್ದಾಳೆ. ಒಳಗೆ ಗಟ್ಟಿಮುಟ್ಟಾದ, ಎಳೆದರೆ ಹಿಗ್ಗುವ, ನೀರು ನಿಲ್ಲದ ಕೆಂಪು ಅರಿವೆ. ಎರಡು ಕಡೆ ಕಾಲಿನ ತೂತು, ಮೇಲೆ ಭುಜದ ಪಟ್ಟಿ. ದೊಡ್ಡ ಮನೆಯ ಯಾವುದೋ ಹುಡುಗಿಯ ಅಂಗಿ ಎಂದುಕೊಂಡಳೋ, ಏನೋ. ಕುಂಚಿಗೆಗೆ ಹೇಳಿ ಮಾಡಿಸಿದಂಥದ್ದು. ಕತ್ತರಿಸಿ ಹೊಲಿದಿದ್ದಾಳೆ. ತೆಗೆದ ಜಾಗವನ್ನು ಖಾಲಿ ಬಿಡಬಾರದೆಂದು, ಮೆತ್ತಗಿನದೊಂದು ಇರಲೆಂದು, ತನ್ನ ಸೆರಗು ಹರಿದು ಮಡಿಸಿ ಇಟ್ಟು ಮುಚ್ಚಿದ್ದಾಳೆ.

"ದಿನಾ ಎರದ ಮ್ಯಾಲ ಲೋಬಾನದ ಹೊಗಿ ಹಾಕಿ ನನ್ನ ಕೈಯಾರ ಇವನ ತಲಿಗೆ ಕಟ್ಟತಿದ್ದೆ," ಎಂದಳು ಸುಂದ್ರವ್ವ. "ಬಿಚ್ಚಿ ನೋಡಿದ್ರ ಗುರ್ತು ಹಿಡೀತಿದ್ದೆ. ನೋಡಲಾರದ್ದಕ್ಕ ಸಿಗಲಿಲ್ಲ."

"ಈಗ ಅದು ಎಲ್ಲಿ ಉಂಟು?" ಶ್ರಾವ್ಯಾಳ ದನಿ ಸಣ್ಣಗಾಗಿತ್ತು.

ಅದೇ ಕಷ್ಟದ ಮಾತಾಗಿತ್ತು. ಕುಂಚಿಗೆ ಒಬ್ಬರ ಮನೆಯಲ್ಲಿ ಉಳಿಯುವ ವಸ್ತುವಲ್ಲ. ಒಂದು ಕೂಸು ಹೋಗಿ ಮುಂದಿನದು ಉಳಿದ ಮನೆಯ ಕುಂಚಿಗೆ ಎಂದರೆ ಬಳಗದವರು ಕೇಳಿ ಒಯ್ಯುತ್ತಾರೆ. ಅವರ ಕೂಸು ಹೊಸಿಲು ದಾಟಿದರೆ ಮುಂದಿನ ಬಾಣಂತಿಗೆ. ಕೊಟ್ಟವರು ಮರಳಿ ಕೇಳುವಂತಿಲ್ಲ, ಪಡೆದವರು ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಸುಂದ್ರವ್ವ ಊರಿಗೆ ಫೋನು ಹಚ್ಚಿಸಿದಳು. ನಾದಿನಿ ಇಂದ್ರಾಬಾಯಿ ಮೊದಲು ಮಳೆ, ಸೊಂಟನೋವು, ಸೊಸೆಯ ಸುದ್ದಿ ಮುಗಿಸಿ ಆಮೇಲೆ ವಿಷಯಕ್ಕೆ ಬಂದಳು.

"ಮೀನದ ಕುಂಚಿಗಿ ಏನ? ಅದು ನಮ್ಮ ಮನ್ಯಾಗಿಂದ ಹೋಗಿ ಯಾ ಕಾಲ ಆತು. ಕಾಶಪ್ಪನ ಮನ್ಯಾಗ ಇತ್ತಲ್ಲ. ಯಾಕ, ಅನಿಲನ ಹೇಣ್ತಿ ಮತ್ತ ಬಸಿರೇನು?"

"ಇಲ್ಲವ್ವಾ. ಸುಮ್ನ ಕೇಳ್ದೆ."

"ಸುಮ್ನ ಯಾರು ಕೇಳ್ತಾರ ಕುಂಚಿಗಿ?"

ಕಾಶಪ್ಪನ ಮನೆಯಿಂದ ಅದು ಝಳಕಿಗೆ ಹೋಗಿತ್ತು. ಝಳಕಿಯವರು ಸೊಲ್ಲಾಪುರದ ಮಗಳಿಗೆ ಕೊಟ್ಟಿದ್ದರು. ಸೊಲ್ಲಾಪುರದವಳು ಫೋನಿನಲ್ಲಿ, ಅಯ್ಯ ಅದು ನಿಮ್ಮ ಮುಂಬೈಯಾಗೇ ಐತಲ್ರಿ, ನಮ್ಮ ಮಹಾದೇವಿ ಒಯ್ದಾಳ, ವಡಾಲದಾಗ ಇರ್ತಾಳ, ಗಂಡ ಬಂಡೆಪ್ಪ ಬಿಲ್ಡಿಂಗ್ ಕೆಲಸಕ್ಕದಾನ ಎಂದಳು. ಶ್ರಾವ್ಯಾ ಪ್ರತಿ ಹೆಸರು ಬಂದಾಗಲೂ ಮುಂದಕ್ಕೆ ಸರಿದು ಕೂತು, ಕೊನೆಗೆ ಸುಂದ್ರವ್ವನ ಮೊಣಕಾಲಿಗೆ ತಾಗಿ ಕೂತಿದ್ದಳು. ಮಧ್ಯಾಹ್ನದ ಊಟವಾಗದೆ ಅವಳನ್ನು ಕಳಿಸಲಿಲ್ಲ. ಗೋಧಿ ಬೆರೆತ ಹಿಟ್ಟಿನ ರೊಟ್ಟಿ ಸೀಳಿದ್ದಕ್ಕೆ ಗಿರಣಿಯವನಿಗೆ ಬೈದುಕೊಂಡೇ ಸುಂದ್ರವ್ವ ಬಡಿಸಿದಳು.

ಮರುದಿನ ಸುಂದ್ರವ್ವ, ಶ್ರಾವ್ಯಾ ಇಬ್ಬರೂ ವಡಾಲಕ್ಕೆ ಹೋದರು. ಬಂದರದ ಕಡೆಯ ಬಯಲಿನಲ್ಲಿ ಎತ್ತರದ ಕಟ್ಟಡವೊಂದು ಏಳುತ್ತಿತ್ತು. ಅದರ ಬುಡದಲ್ಲಿ ಕೆಲಸಗಾರರ ತಗಡಿನ ಕೋಣೆಗಳ ಸಾಲು. ಮಹಾದೇವಿ ಕೋಣೆಯ ಹೊರಗೆ ಬಟ್ಟೆ ಒಗೆಯುತ್ತಿದ್ದಳು. ಇಪ್ಪತ್ತೆರಡರ ಆಚೀಚೆಯ ಹುಡುಗಿ. ಸುಂದ್ರವ್ವನ ತವರೂರಿನ ಹೆಸರು ಕೇಳಿದ್ದೇ ಕೈ ಒರೆಸಿಕೊಂಡು ಬಂದು ಕಾಲು ಮುಟ್ಟಿದಳು.

"ಬರ್ರಿ ಆಯಿ. ಕೂಡ್ರಿ. ಅವರು ಮ್ಯಾಲ ಹೋಗ್ಯಾರ, ಹದಿನೆಂಟನೇ ಮಾಳಿಗಿಗೆ."

ಒಳಗೆ ಕಬ್ಬಿಣದ ಪೈಪಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಹೆಣ್ಣು ಕೂಸು ಮಲಗಿತ್ತು. ತಲೆ ಬರಿದು, ನೆತ್ತಿಯಲ್ಲಿ ಬೆವರು. ಕುಂಚಿಗೆ ಮೊಳೆಗೆ ತೂಗುತ್ತಿತ್ತು.

"ಈ ಧಗಿಯಾಗ ಕುಂಚಿಗಿ ಯಾರು ಕಟ್ಟತಾರ್ರಿ?" ಎಂದಳು ಮಹಾದೇವಿ, ಅಪವಾದ ಬರುವ ಮುಂಚೆಯೇ ಉತ್ತರ ಕೊಡುವವಳಂತೆ. "ಅತ್ತಿ ಫೋನ್ ಮಾಡಿದಾಗ ಕಟ್ಟೀನಿ ಅಂತೀನಿ. ವಿಡಿಯೋ ಹಚ್ಚಿದ್ರ ಅಷ್ಟು ಹೊತ್ತು ಕಟ್ಟತೀನಿ."

ಸುಂದ್ರವ್ವ ಅದನ್ನು ಮೊಳೆಯಿಂದ ತೆಗೆದಳು. ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಅಂಬವ್ವನ ಹೊಲಿಗೆ ಅಲ್ಲಲ್ಲಿ ಉಳಿದಿತ್ತು. ಬಿಟ್ಟ ಕಡೆ ಹಳದಿ, ನೀಲಿ, ಹಸಿರು ದಾರದಲ್ಲಿ ಬೇರೆ ಬೇರೆ ಕೈಗಳು ಹಾಕಿದ್ದು. ಒಬ್ಬಳು ಕವಡೆ ಕಟ್ಟಿದ್ದಳು, ಇನ್ನೊಬ್ಬಳು ಕನ್ನಡಿ ಬಿಲ್ಲೆ. ಮೀನು ಹಾಗೇ ಇತ್ತು. ಯಾರೋ ಅದರ ಮೋಟು ಬಾಲಕ್ಕೆ ಕಪ್ಪು ದಾರದಿಂದ ಉಳಿದರ್ಧ ಕೂಡಿಸಿದ್ದರು.

ಶ್ರಾವ್ಯಾ ಅದನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು ಒಳಮಗ್ಗಲು ತಿರುವಿದಳು. ಬಿಳಿ ಅಸ್ತರು ಎಣ್ಣೆ ಕುಡಿದು ಹಳದಿಯಾಗಿತ್ತು. ಮೂಸಿ ನೋಡಿದಳು. ಎಳ್ಳೆಣ್ಣೆ, ಹೊಗೆ, ಕೂಸಿನ ತಲೆಯ ವಾಸನೆ.

"ಎಷ್ಟು ಮಕ್ಕಳು ಹಾಕಿದ್ದಾರೆ ಇದನ್ನ?"

"ಅದನ್ನ ಎಣಸಬಾರದು," ಎಂದರು ಇಬ್ಬರೂ ಒಟ್ಟಿಗೇ.

ಸುಂದ್ರವ್ವ ನಡೆದದ್ದನ್ನೆಲ್ಲ ಮಹಾದೇವಿಗೆ ಹೇಳಿದಳು. ಶ್ರಾವ್ಯಾ ಪೋಸ್ಟರ್ ತೋರಿಸಿದಳು. ಮಹಾದೇವಿ ಸೆರಗು ಬಾಯಿಗೆ ಹಿಡಿದು ನಗುತ್ತ ನಗುತ್ತ ಕೂತೇಬಿಟ್ಟಳು. "ಯವ್ವಾ, ನಮ್ಮತ್ತಿ ಇದನ್ನ ಕಣ್ಣಿಗೆ ಒತ್ಕೊಂಡು ನನ್ನ ಕೈಗೆ ಕೊಟ್ಟಾಳ್ರಿ."

"ನಿಮ್ಮತ್ತಿಗೆ ಹೇಳಬ್ಯಾಡ."

"ಹೇಳೇ ಹೇಳ್ತೀನಿ."

ನಗು ಮುಗಿದ ಮೇಲೆ ಸುಂದ್ರವ್ವ ಕೇಳಲಾರದ್ದನ್ನು ಕೇಳಿದಳು. "ಕುಂಚಿಗಿ ಮರಳಿ ಬೇಡೂದು ಅಲ್ಲ, ನನಗ ಗೊತ್ತೈತಿ. ಆದ್ರ ಬಾಯಿ ನನ್ನ ಹೆಸರು ಹೇಳಿ ಹೋಗ್ಯಾರ. ಮಂದಿಗೆ ಒಮ್ಮಿ ತೋರಸಬೇಕು."

"ಒಯ್ಯಿರಿ ಆಯಿ. ನನ್ನ ಕೂಸಿಂದು ಆತು. ಆದ್ರ ಒಂದೈತಿ. ನನ್ನ ತಂಗಿ ರೂಪಾಲಿ ನಿಮ್ಮ ಭಾಂಡುಪ್‌ದಾಗೇ ಇರ್ತಾಳ. ಶ್ರಾವಣದಾಗ ಆಕೀದು ಹೆರಿಗಿ. ಐದೇಶಿಗೆ, ಹಡದ ಐದನೇ ದಿನಕ್ಕ, ಆಕಿ ಕೂಸಿಗೆ ಇದನ್ನ ಕಟ್ಟಬೇಕು. ಆಕಿಗೆ ಮಾತು ಕೊಟ್ಟೀನಿ."

ಶ್ರಾವ್ಯಾ ಹೊರಗೆ ಹೋಗಿ ಆಫೀಸಿಗೆ ಫೋನು ಮಾಡಿದಳು. ಸಿಮೆಂಟ್ ಮಿಕ್ಸರಿನ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಬಹಳ ಹೊತ್ತು ಮಾತಾಡಿದಳು. ಮರಳಿ ಬಂದಾಗ ಅವಳ ಮುಖದಲ್ಲಿ ಗೊಂದಲವಿತ್ತು. ಟ್ರಸ್ಟಿನವರಿಗೆ ಅದು ಶಾಶ್ವತವಾಗಿ ಬೇಕಿತ್ತು. ತಿಳಿದವರಿಂದ ಹೊಲಿಗೆ ಬಿಚ್ಚಿಸಿ, ತುಂಡುಗಳನ್ನು ಜೋಡಿಸಿ, ಕಡಿಮೆ ಬಿದ್ದದ್ದನ್ನು ಕೂಡಿಸಿ ಮತ್ತೆ ಮೊದಲಿನ ಈಜುಡುಗೆ ಮಾಡಿಸುತ್ತಾರಂತೆ.

ಸುಂದ್ರವ್ವ ಕುಂಚಿಗೆಯ ಕಸೆಗಳನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಬಾಯಿ ಏನಂದಾರ? ನೋಡ್ಲಿ ಅಂದಾರ. ಇಟ್ಕೊಳ್ಳಿ ಅಂದಿಲ್ಲ. ನಿನ್ನ ಫೋನಿನ್ಯಾಗ ಐತಲ್ಲ, ಬೇಕಾದ್ರ ಮತ್ತ ಕೇಳು. ಬಿಚ್ಚಾಕ ಕೊಡೂದಿಲ್ಲ. ರೂಪಾಲಿ ಹಡಿಯೂತನಕ ಇಟ್ಕೋರಿ. ಹಡದ ಸುದ್ದಿ ಬಂದ ದಿನ ಕೊಡಬೇಕು."

"ಯಾವ ತಾರೀಕು ಅಂತ ಬರೀಲಿ ಅಮ್ಮ? ಆಫೀಸಲ್ಲಿ ತಾರೀಕು ಕೇಳ್ತಾರೆ."

"ಕೂಸಿನ ಕೇಳು ಅನ್ನು," ಎಂದಳು ಮಹಾದೇವಿ.

ಪ್ರದರ್ಶನ ಶುರುವಾಗಿ ಕೆಲವು ದಿನದ ಮೇಲೆ ಅನಿಲ ತಾಯಿಯನ್ನು ಗ್ರಾಂಟ್ ರೋಡಿಗೆ ಕರೆದುಕೊಂಡು ಹೋದ. ಉಡುಪಿ ಹೋಟೆಲೊಂದರ ಪಕ್ಕದ ಮೆಟ್ಟಿಲು ಹತ್ತಿದರೆ ಉದ್ದನೆಯ ಹಾಲು. ಸೀರೆಗಳು, ವಿಗ್ಗುಗಳು, ಮುರಿದ ಸಿತಾರ್. ಕೊನೆಯಲ್ಲಿ ಗೋಡೆಯೆತ್ತರಕ್ಕೆ ಆ ಪೋಸ್ಟರ್, ಅದರ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಕುಂಚಿಗೆ.

ಜನ ಮೊದಲು ಪೋಸ್ಟರ್ ನೋಡಿ ಪೆಟ್ಟಿಗೆಯ ಕಡೆ ಬರುತ್ತಿದ್ದರು. ಬಗ್ಗಿ ನೋಡಿ, ಚೀಟಿ ಓದಿ, ಮತ್ತೆ ಪೋಸ್ಟರಿನ ಕಡೆ ತಿರುಗುತ್ತಿದ್ದರು. ಒಬ್ಬ ಮುದುಕ ಮೀನನ್ನು ಬೆರಳಿನಲ್ಲಿ ತೋರಿಸಿ ಹೆಂಡತಿಯೊಡನೆ ಗುಜರಾತಿಯಲ್ಲಿ ವಾದಕ್ಕೆ ಬಿದ್ದಿದ್ದ. ಕಾಲೇಜು ಹುಡುಗಿಯರಿಬ್ಬರು ಕಾಲಿನ ತೂತು ಎಲ್ಲಿ ಹೋಗಿರಬೇಕೆಂದು ಕುಂಚಿಗೆಯ ಸುತ್ತ ಸುತ್ತುತ್ತಿದ್ದರು.

ಸುಂದ್ರವ್ವ ಪೋಸ್ಟರಿನ ಮುಂದೆ ನಿಂತಳು. ಇಷ್ಟು ವರ್ಷದಲ್ಲಿ ಅದನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಬಾಯಿ ನೋಡಬೇಡ ಎಂದದ್ದನ್ನು ಬಾಯಿಯೇ ನೋಡಲಿ ಎಂದಿದ್ದರಿಂದ ನಿಧಾನವಾಗಿ, ಕಾಲಿನಿಂದ ತಲೆಯ ತನಕ ನೋಡಿದಳು. ಏಣಿ ಹಿಡಿದ ತೋಳಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದದ್ದು ಇಷ್ಟು ದೊಡ್ಡ ಚಿತ್ರದಲ್ಲಿ ಕಾಣುತ್ತಿತ್ತು. ತುಟಿ ನಗುತ್ತಿತ್ತು, ಹಲ್ಲು ಕಚ್ಚಿಕೊಂಡಿತ್ತು.

"ಏನ್ ನೋಡತಿ ಅವ್ವಾ?"

"ಥಂಡಿ ಹತ್ತೈತಿ ಪಾಪ ಹುಡುಗಿಗೆ," ಎಂದಳು.

ರೂಪಾಲಿ ಶ್ರಾವಣದ ತನಕ ಕಾಯಲಿಲ್ಲ. ಆಷಾಢ ಇನ್ನೂ ಮುಗಿಯದಿರುವಾಗಲೇ, ಪ್ರದರ್ಶನ ಮುಗಿಯಲು ಎರಡು ವಾರ ಬಾಕಿಯಿರುವಾಗಲೇ ಗಂಡು ಕೂಸು ಹುಟ್ಟಿತು. ಸ್ವಲ್ಪ ಸಣ್ಣ ಕೂಸು. ಡಾಕ್ಟರು ಬೆಚ್ಚಗೆ ಇಡಿ ಎಂದಿದ್ದಾರೆಂದು ಮಹಾದೇವಿ ಫೋನಿನಲ್ಲಿ ಹೇಳಿದಳು. ಸುಂದ್ರವ್ವ ಒಲೆಯ ಮೇಲಿನದನ್ನು ಇಳಿಸಿ, ಅನಿಲನಿಗೆ ಕಾಯದೆ, ಒಂದು ಕೈಚೀಲ ಹಿಡಿದು ಲೋಕಲ್ ಹತ್ತಿದಳು.

ಅವಳನ್ನು ಹಾಲಿನ ಬಾಗಿಲಲ್ಲಿ ಕಂಡಾಗಲೇ ಶ್ರಾವ್ಯಾಳಿಗೆ ತಿಳಿಯಿತು.

"ಹುಡುಗನಾ ಹುಡುಗಿಯಾ?"

"ಗಂಡು. ಸಣ್ಣದೈತಿ."

ಶ್ರಾವ್ಯಾ ಬೀಗದಕೈ ತಂದಳು. ಜನರಿದ್ದರು. ಅವಳ ಮೇಲಿನವರು ಕೋಣೆಯಿಂದ ಹೊರಗೆ ಬಂದು, ಈ ಶನಿವಾರವಾದರೂ ಮುಗಿಯಲಿ, ಭಾನುವಾರ ಕೊಡೋಣ ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು. ಶ್ರಾವ್ಯಾ ಅವರಿಗೆ ಏನೋ ಅಷ್ಟೇ ಮೆತ್ತಗೆ ಉತ್ತರ ಕೊಟ್ಟು ಗಾಜನ್ನು ಎತ್ತಿದಳು. ಕುಂಚಿಗೆಯನ್ನು ತೆಗೆದು ಸುಂದ್ರವ್ವನ ಕೈಗೆ ಇಟ್ಟಳು. ಸುಂದ್ರವ್ವ ಒಳಗೆ ಕೈಹಾಕಿ ಹಿಗ್ಗಿಸಿ ನೋಡಿ, ಚೀಲಕ್ಕೆ ಹಾಕಿಕೊಂಡಳು.

"ಪೆಟ್ಟಿಗೆ ಖಾಲಿ ಆಯ್ತು ಅಮ್ಮ," ಎಂದಳು ಶ್ರಾವ್ಯಾ. ದೂರಿನ ದನಿಯಲ್ಲ, ಸುಮ್ಮನೆ ಕಂಡದ್ದನ್ನು ಹೇಳಿದಂತೆ.

"ಖಾಲಿ ಹೆಂಗ ಬಿಡ್ತೀನಿ?" ಸುಂದ್ರವ್ವ ಚೀಲದಿಂದ ಚೌಕಾಗಿ ಮಡಿಸಿದ ಇಳಕಲ್ ಸೆರಗನ್ನು ತೆಗೆದಳು. "ಇದನ್ನ ಇಡು. ನಮ್ಮವ್ವ ಅದರ ಜಾಗಾದಾಗ ಇದನ್ನೇ ಇಟ್ಟಿದ್ಲು. ಮುಗಿದ ಮ್ಯಾಲ ನೆನಪಲೆ ಕೊಡು ಮತ್ತ. ಮನ್ಯಾಗ ಕೌದಿ ಬಾಯಿ ತಕ್ಕೊಂಡು ಕುಂತೈತಿ."

ಶ್ರಾವ್ಯಾ ಸೆರಗನ್ನು ಕುಂಚಿಗೆ ಇದ್ದಲ್ಲೇ ಇಟ್ಟು ಗಾಜು ಮುಚ್ಚಿದಳು. ಆಗಲೇ ಒಳಗೆ ಬಂದ ಹೆಂಗಸೊಬ್ಬಳು ಪೋಸ್ಟರನ್ನು ನೋಡಿ, ಪೆಟ್ಟಿಗೆಯ ಮೇಲೆ ಬಗ್ಗಿ, ಕೆಂಪು ಸೆರಗಿನ ಬಿಳಿ ಪಟ್ಟೆಗಳನ್ನು ಬಹಳ ಹೊತ್ತು ನೋಡಿದಳು.

"ಇದು ಯಾವ ಸಿನಿಮಾದ್ದು?" ಎಂದು ಹಿಂದಿಯಲ್ಲಿ ಕೇಳಿದಳು.

ಶ್ರಾವ್ಯಾ ಕುರ್ಚಿಯೊಂದನ್ನು ಅವಳ ಕಡೆ ಎಳೆದಳು. "ಕೂತ್ಕೊಳ್ಳಿ, ಹೇಳ್ತೇನೆ. ಅಂಬವ್ವ ಅಂತ ಒಬ್ಬರಿದ್ದರು," ಎಂದು ಶುರು ಮಾಡಿದಳು.

ಸುಂದ್ರವ್ವನಿಗೆ ಅದನ್ನು ಕೇಳುತ್ತ ನಿಲ್ಲಲು ಹೊತ್ತಿರಲಿಲ್ಲ. ದಾದರಿನಲ್ಲಿ ಗಾಡಿ ಬದಲಿಸಬೇಕಿತ್ತು. ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಅವಳು ಮೆಟ್ಟಿಲಿಳಿದಳು.